ಮೂಲೆಗೆ ಬಿದ್ದ ಟು-ಡು ಲಿಸ್ಟ್ ಮತ್ತೆ ದಾರಿಗೆ ತರುವುದು ಹೇಗೆ? ಹೊಸ ಆ್ಯಪ್ ಬೇಡ, ಒಂದು ಭಾನುವಾರ ಬೆಳಗ್ಗೆ ಸಾಕು

ಮಣಿಕೊಂಡ (ಹೈದರಾಬಾದ್): ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಕಲಬುರಗಿ ಕಡೆಯ ಗಂಡ-ಹೆಂಡತಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದವರು, ಮೂರು ವರ್ಷದ ಹಿಂದೆ ಮಣಿಕೊಂಡಕ್ಕೆ ಬಂದು ನೆಲೆಸಿದ್ದಾರೆ. ಒಬ್ಬರ ಆಫೀಸ್ ಫೈನಾನ್ಷಿಯಲ್ ಡಿಸ್ಟ್ರಿಕ್ಟ್‌ನಲ್ಲಿ, ಇನ್ನೊಬ್ಬರದು ಗಚ್ಚಿಬೌಲಿಯಲ್ಲಿ. ಬೆಳಗ್ಗೆ ಮಗಳ ಸ್ಕೂಲ್ ವ್ಯಾನ್, ಸಂಜೆ ಟ್ರಾಫಿಕ್, ರಾತ್ರಿ ವಿದೇಶದ ಕ್ಲೈಂಟ್ ಜೊತೆ ಕಾಲ್. ಒಂದು ರಾತ್ರಿ ಹೆಂಡತಿ ಕೇಳುತ್ತಾರೆ: ‘ರೀ, ಗಾಡಿ ಇನ್ಶೂರೆನ್ಸ್ ಕಟ್ಟೀರೇನು?’

ಗಂಡ ಟಾಸ್ಕ್ ಆ್ಯಪ್ ತೆರೆಯುತ್ತಾರೆ. ಇನ್ಶೂರೆನ್ಸ್ ಅಲ್ಲೇ ಇದೆ. ಆದರೆ ಅವಧಿ ಮೀರಿದ 87 ಕೆಲಸಗಳ ನಡುವೆ, ಕೆಂಪಕ್ಷರದಲ್ಲಿ, ನಾಲ್ಕು ತಿಂಗಳ ಹಿಂದಿನ ದಿನಾಂಕದೊಂದಿಗೆ. ಬರೆದಿಟ್ಟಿದ್ದರು, ನೋಡಿರಲಿಲ್ಲ. ಕಾರಿನ ವಿಮೆ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ, ವರ್ಷಗಳಿಂದ ಕ್ಲೇಮ್ ಮಾಡದೆ ಕೂಡಿಟ್ಟ ‘ನೋ ಕ್ಲೇಮ್ ಬೋನಸ್’ ಪೂರ್ತಿ ಹೋಗುತ್ತದೆ. ಆ ಅವಧಿಯಲ್ಲಿ ಗಾಡಿ ಯಾರಿಗಾದರೂ ತಗುಲಿದ್ದರೆ ಆಗುತ್ತಿದ್ದ ನಷ್ಟದ ಮಾತೇ ಬೇರೆ.

ಪಟ್ಟಿ ಬರೆದಿಡುವ ಅಭ್ಯಾಸ ಇರುವವರಲ್ಲಿ ಹೆಚ್ಚಿನವರಿಗೆ ಈ ಕಥೆ ಗೊತ್ತು. ಉತ್ಸಾಹದಿಂದ ಶುರುವಾದ ಪಟ್ಟಿ ಎರಡು ತಿಂಗಳು ಚೆನ್ನಾಗಿ ನಡೆಯುತ್ತದೆ. ಒಂದು ಮದುವೆ, ಒಂದು ಜ್ವರ, ಒಂದು ಪ್ರಾಜೆಕ್ಟ್ ಡೆಡ್‌ಲೈನ್ ಬಂದರೆ ಮೂಲೆ ಸೇರುತ್ತದೆ. ಹಾಗಾದರೆ ಅದನ್ನು ಮತ್ತೆ ಹಳಿಗೆ ತರುವುದು ಹೇಗೆ? ಇಲ್ಲಿದೆ ಮಾಹಿತಿ.

ಪಟ್ಟಿ ಹಾಳಾಗುವುದು ಸೋಮಾರಿತನದಿಂದಲ್ಲ

ಮೊದಲ ಕಾರಣ, ನಮ್ಮ ಅಂದಾಜು. ಒಂದು ಕೆಲಸಕ್ಕೆ ಎಷ್ಟು ಸಮಯ ಬೇಕು ಎಂದು ಲೆಕ್ಕ ಹಾಕುವಾಗ ಮನುಷ್ಯರು ಸದಾ ಕಡಿಮೆ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲೇ ಈ ತಪ್ಪು ಲೆಕ್ಕಾಚಾರವನ್ನು ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದು ಕೇಳಲಾಯಿತು. ಸರಾಸರಿ ಉತ್ತರ ಸುಮಾರು 34 ದಿನ. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ‘ಎಲ್ಲವೂ ಕೈಕೊಟ್ಟರೆ ಎಷ್ಟು ದಿನ?’ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಅದಕ್ಕಿಂತ ಕಡಿಮೆಯೇ ಇತ್ತು. ಹೀಗಾಗಿ ಸೋಮವಾರಕ್ಕೆ ಹತ್ತು ಕೆಲಸ ಬರೆದುಕೊಂಡವರು ನಾಲ್ಕು ಮುಗಿಸುತ್ತಾರೆ. ಉಳಿದ ಆರು ಮಂಗಳವಾರದ ಹತ್ತರ ಮೇಲೆ ಬಂದು ಕೂರುತ್ತವೆ. ವಾರಾಂತ್ಯಕ್ಕೆ ಪಟ್ಟಿ ಎಂದರೆ ಬರೀ ಬಾಕಿ.

ಎರಡನೆಯದು, ‘ಹೇಗಿದ್ದರೂ ಕೆಟ್ಟಿತು, ಇನ್ನೇನು’ ಎಂಬ ಮನಸ್ಸು. ಡಯಟ್ ಮಾಡುವವರ ಮೇಲೆ ಜಾನೆಟ್ ಪೊಲಿವಿ ಮತ್ತು ಪೀಟರ್ ಹರ್ಮನ್ ಎಂಬ ಸಂಶೋಧಕರು ನಡೆಸಿದ ಅಧ್ಯಯನಗಳಿಂದ ಇದು ಪ್ರಸಿದ್ಧವಾಯಿತು. ಪಥ್ಯದಲ್ಲಿದ್ದವರು ಒಮ್ಮೆ ತಪ್ಪಿದರೆ ಆಮೇಲೆ ಕಡಿಮೆ ತಿನ್ನುವುದಿಲ್ಲ, ‘ಹೇಗೂ ಇವತ್ತು ಹೋಯಿತು’ ಎಂದು ಇನ್ನಷ್ಟು ತಿನ್ನುತ್ತಾರೆ. ಪಟ್ಟಿಯಲ್ಲೂ ಹಾಗೇ. ಮೂರು ದಿನ ತೆರೆಯದವರು ನಾಲ್ಕನೇ ದಿನ ತೆರೆಯಲು ಹಿಂಜರಿಯುತ್ತಾರೆ. ಕೆಂಪಕ್ಷರ ಹೆಚ್ಚಾದಂತೆ ಹಿಂಜರಿಕೆಯೂ ಹೆಚ್ಚುತ್ತದೆ.

ಮೂರನೆಯದು, ನಂಬಿಕೆ. ಪಟ್ಟಿಯಲ್ಲಿ ಅರ್ಧ ಮುಗಿದ ಕೆಲಸ, ಅರ್ಧ ಬೇಡವಾದ ಕೆಲಸ ಇದ್ದರೆ ಮನಸ್ಸು ಅದನ್ನು ನಂಬುವುದಿಲ್ಲ. ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳಲು ಶುರು ಮಾಡುತ್ತದೆ.

ತಲೆಯಲ್ಲಿ ಇಟ್ಟುಕೊಂಡರೆ ಏನಾಗುತ್ತದೆ?

ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಹುದಾದ ವಿಷಯಗಳು ಬಹಳ ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಇದನ್ನು ಸುಮಾರು ನಾಲ್ಕು ಎಂದು ಅಂದಾಜಿಸಿದರು. ಮಗಳ ಫೀಸು, ಅಮ್ಮನ ಮಾತ್ರೆ, ಬಾಡಿಗೆ ಕರಾರು, ನಾಳೆಯ ಪ್ರೆಸೆಂಟೇಷನ್. ಇಷ್ಟಕ್ಕೇ ಜಾಗ ಮುಗಿಯಿತು.

ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕಾಡುತ್ತದೆ ಎಂಬ ಮಾತಿಗೆ 1927ರಷ್ಟು ಹಳೆಯ ಹಿನ್ನೆಲೆ ಇದೆ. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್, ಮುಗಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸವೇ ಹೆಚ್ಚು ನೆನಪಿರುತ್ತದೆ ಎಂದು ವರದಿ ಮಾಡಿದ್ದರು. ನಂತರ ನಡೆದ ಪ್ರಯೋಗಗಳಲ್ಲಿ ನೆನಪಿನ ಈ ಪರಿಣಾಮ ಎಲ್ಲೆಡೆ ಒಂದೇ ರೀತಿ ಕಂಡುಬಂದಿಲ್ಲ. ಆದರೆ 2011ರಲ್ಲಿ ಮ್ಯಾಸಿಕಾಂಪೊ ಮತ್ತು ರಾಯ್ ಬೌಮೈಸ್ಟರ್ ನಡೆಸಿದ ಅಧ್ಯಯನ ನಮಗೆ ಹೆಚ್ಚು ಉಪಯುಕ್ತ. ಈಡೇರದ ಗುರಿಗಳು ಬೇರೆ ಕೆಲಸದ ನಡುವೆ ನುಗ್ಗಿ ತೊಂದರೆ ಕೊಡುತ್ತವೆ, ಆದರೆ ಆ ಗುರಿಗೆ ನಿರ್ದಿಷ್ಟ ಯೋಜನೆ ಮಾಡಿಕೊಂಡ ತಕ್ಷಣ ಆ ಕಾಟ ಇಳಿಯುತ್ತದೆ ಎಂದು ಅವರು ಕಂಡುಕೊಂಡರು. ಅಂದರೆ ನೆಮ್ಮದಿಗೆ ಕೆಲಸ ಮುಗಿಯಲೇಬೇಕೆಂದಿಲ್ಲ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಎಂಬುದು ಖಚಿತವಾದರೂ ಸಾಕು.

ಹೊಸ ಆ್ಯಪ್ ಡೌನ್‌ಲೋಡ್ ಮಾಡಬೇಡಿ

ಪಟ್ಟಿ ಕೆಟ್ಟಾಗ ಬಹಳಷ್ಟು ಜನ ಮೊದಲು ಮಾಡುವ ಕೆಲಸ ಪ್ಲೇ ಸ್ಟೋರ್ ತೆರೆಯುವುದು. ಟುಡೂಯಿಸ್ಟ್ ಬಿಟ್ಟು ಮೈಕ್ರೋಸಾಫ್ಟ್ ಟು-ಡು, ಅದನ್ನು ಬಿಟ್ಟು ಗೂಗಲ್ ಟಾಸ್ಕ್ಸ್, ಅದನ್ನೂ ಬಿಟ್ಟು ನೋಷನ್. ಹೊಸ ಆ್ಯಪ್ ಖಾಲಿ ಇರುವುದರಿಂದ ಎರಡು ವಾರ ಹಾಯೆನಿಸುತ್ತದೆ. ಆಮೇಲೆ ಅದೂ ತುಂಬುತ್ತದೆ. ಆ್ಯಪ್‌ಗಳೇನೂ ಶಾಶ್ವತವಲ್ಲ ಎಂಬುದೂ ನೆನಪಿರಲಿ. ಕೋಟ್ಯಂತರ ಜನ ಬಳಸುತ್ತಿದ್ದ ವಂಡರ್‌ಲಿಸ್ಟ್ ಅನ್ನು 2015ರಲ್ಲಿ ಮೈಕ್ರೋಸಾಫ್ಟ್ ಕೊಂಡು, 2020ರಲ್ಲಿ ಮುಚ್ಚಿತು.

ಈಗಾಗಲೇ ಕೈಗೆ ಅಭ್ಯಾಸವಾಗಿರುವುದನ್ನೇ ಇಟ್ಟುಕೊಳ್ಳಿ. ಅದು 40 ರೂಪಾಯಿಯ ನೋಟ್‌ಬುಕ್ ಆದರೂ ಸರಿ. ಒಂದು ಭಾನುವಾರ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ. ಅದರಲ್ಲಿ ಮುಗಿಯುವ ಐದು ಹಂತಗಳು ಇವು.

ಹಂತ 1: ಹಳೇ ಪಟ್ಟಿ ಬದಿಗಿಡಿ (10 ನಿಮಿಷ)

ದೀಪಾವಳಿಯ ಅಂಗಡಿ ಪೂಜೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ವ್ಯಾಪಾರಿ ಹಳೇ ಲೆಕ್ಕದ ಪುಸ್ತಕವನ್ನು ಹರಿದು ಎಸೆಯುವುದಿಲ್ಲ, ಅದನ್ನೇ ಮುಂದುವರಿಸುವುದೂ ಇಲ್ಲ. ಹೊಸ ಪುಸ್ತಕಕ್ಕೆ ಪೂಜೆ ಮಾಡಿ, ನಿಜವಾಗಿ ಬರಬೇಕಾದ ಬಾಕಿಯನ್ನಷ್ಟೇ ಅದಕ್ಕೆ ಇಳಿಸಿಕೊಳ್ಳುತ್ತಾನೆ.

ನೀವೂ ಹಾಗೇ ಮಾಡಿ. ಹಳೇ ಕೆಲಸಗಳನ್ನೆಲ್ಲ ಒಟ್ಟಾಗಿ ‘ಹಳೇ ಬಾಕಿ’ ಎಂಬ ಒಂದು ಫೋಲ್ಡರ್‌ಗೆ ಸಾಗಿಸಿ, ಅವುಗಳ ದಿನಾಂಕ ತೆಗೆದುಹಾಕಿ. ಈಗ ಒಂದೊಂದನ್ನೇ ಓದಲು ಕೂರಬೇಡಿ. 87 ಕೆಲಸ ಓದುತ್ತಾ ಕೂತರೆ ಹತ್ತನೆಯದಕ್ಕೇ ಮನಸ್ಸು ಸೋತು ಆ್ಯಪ್ ಮುಚ್ಚುತ್ತೀರಿ. ಎದುರಿಗೆ ಖಾಲಿ ಹಾಳೆ ಇರಬೇಕು, ಇವತ್ತಿಗೆ ಅಷ್ಟೇ.

ಹಂತ 2: ತಲೆಯಲ್ಲಿರುವುದನ್ನೆಲ್ಲ ಇಳಿಸಿ (30 ನಿಮಿಷ)

2001ರಲ್ಲಿ ಬಂದ ‘ಗೆಟ್ಟಿಂಗ್ ಥಿಂಗ್ಸ್ ಡನ್’ ಪುಸ್ತಕದಲ್ಲಿ ಡೇವಿಡ್ ಅಲೆನ್ ಹೇಳುವ ಐದು ಹೆಜ್ಜೆಗಳಲ್ಲಿ ಮೊದಲನೆಯದು ಇದೇ. ನೆನಪಾದದ್ದನ್ನೆಲ್ಲ ಯಾವ ಕ್ರಮವೂ ಇಲ್ಲದೆ ಬರೆಯಿರಿ. ಸಣ್ಣದು, ದೊಡ್ಡದು, ಆಫೀಸಿನದು, ಮನೆಯದು ಎಂಬ ಭೇದ ಬೇಡ.

ನೆನಪು ಖಾಲಿಯಾದ ಮೇಲೆ ಅಡಗಿ ಕುಳಿತ ಕೆಲಸಗಳನ್ನು ಹುಡುಕಿ. ನಮ್ಮಲ್ಲಿ ಅವು ಸಿಗುವ ಜಾಗಗಳು ಬಹುತೇಕ ಇವೇ:

* ನೀವೇ ನಿಮಗೆ ಕಳಿಸಿಕೊಂಡ ವಾಟ್ಸ್‌ಆ್ಯಪ್ ಸಂದೇಶಗಳು
* ಸ್ಟಾರ್ ಹಾಕಿಟ್ಟ ಇಮೇಲ್‌ಗಳು
* ‘ಆಮೇಲೆ ನೋಡೋಣ’ ಎಂದು ತೆಗೆದ ಸ್ಕ್ರೀನ್‌ಶಾಟ್‌ಗಳು
* ಫ್ರಿಜ್ ಮೇಲೆ ಅಂಟಿಸಿದ ಚೀಟಿ, ಮಗುವಿನ ಸ್ಕೂಲ್ ಡೈರಿ
* ಗೋಡೆಯ ಕ್ಯಾಲೆಂಡರ್‌ನಲ್ಲಿ ಪೆನ್ನಿನಿಂದ ಸುತ್ತಿದ ದಿನಗಳು
* ಊರಿಂದ ಬರುವ ಫೋನ್ ಕರೆಗಳಲ್ಲಿ ‘ನೋಡ್ತೀನಿ ಅಪ್ಪಾಜಿ’ ಎಂದು ಒಪ್ಪಿಕೊಂಡ ಕೆಲಸಗಳು

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಊರು ಬಿಟ್ಟು ಬಂದವರ ಪಟ್ಟಿಯಲ್ಲಿ ಅತಿ ಹೆಚ್ಚು ಮುಂದೂಡಲ್ಪಡುವುದು ಊರಿನ ಕೆಲಸಗಳೇ. ಇಲ್ಲಿ ಕೂತು ಮಾಡಲಾಗದು, ಅಲ್ಲಿಗೆ ಹೋದಾಗ ನೆನಪಾಗದು.

ಹಂತ 3: ದಂಡ ಬೀಳುವ ಕೆಲಸ ಮೊದಲು (20 ನಿಮಿಷ)

ಈಗ ಪಟ್ಟಿಯ ಮೇಲೆ ಕಣ್ಣಾಡಿಸಿ. ‘ಇದನ್ನು ಮಾಡದಿದ್ದರೆ ದುಡ್ಡು, ಹಕ್ಕು ಅಥವಾ ಆರೋಗ್ಯ ಕೈತಪ್ಪುತ್ತದೆಯೇ?’ ಎಂಬ ಒಂದೇ ಪ್ರಶ್ನೆ ಕೇಳಿ. ಹೌದು ಎಂದಾದರೆ ಪಕ್ಕದಲ್ಲಿ ನಿಜವಾದ ಕೊನೆಯ ದಿನಾಂಕ ಬರೆಯಿರಿ. ಹೀಗೆ ತಪ್ಪಿಸಿಕೊಳ್ಳುವ ಕೆಲವು ಸಾಮಾನ್ಯ ಕೆಲಸಗಳು:

* ವಾಹನ ವಿಮೆ: ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗಾಡಿ ಓಡಿಸಿದರೆ ಮೊದಲ ಬಾರಿಗೆ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲು ಶಿಕ್ಷೆಗೂ ಕಾನೂನಿನಲ್ಲಿ ಅವಕಾಶವಿದೆ.
* ಆದಾಯ ತೆರಿಗೆ ರಿಟರ್ನ್ಸ್: ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31 ಕೊನೆಯ ದಿನ. ತಡವಾದರೆ 5,000 ರೂಪಾಯಿವರೆಗೆ ಶುಲ್ಕ. ಒಟ್ಟು ಆದಾಯ 5 ಲಕ್ಷ ರೂಪಾಯಿ ಮೀರದಿದ್ದರೆ 1,000 ರೂಪಾಯಿವರೆಗೆ.
* ಹಿರಿಯರ ಜೀವನ ಪ್ರಮಾಣ ಪತ್ರ: ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸಬೇಕು. 80 ದಾಟಿದವರು ಅಕ್ಟೋಬರ್‌ನಿಂದಲೇ ಕೊಡಬಹುದು. ತಪ್ಪಿದರೆ ಪಿಂಚಣಿ ತಡೆಹಿಡಿಯಲ್ಪಡುತ್ತದೆ. ದಸರಾ ಅಥವಾ ದೀಪಾವಳಿಗೆ ಊರಿಗೆ ಹೋಗುವವರು ಇದನ್ನು ಅದೇ ಪ್ರಯಾಣಕ್ಕೆ ಸೇರಿಸಿಕೊಳ್ಳಬಹುದೇ ನೋಡಿ. ಮೊಬೈಲ್‌ನಲ್ಲಿ ಮುಖ ಗುರುತಿಸುವ ಸೌಲಭ್ಯದ ಮೂಲಕ ಮನೆಯಲ್ಲೇ ಸಲ್ಲಿಸಲು ಸಾಧ್ಯ.
* ಆರೋಗ್ಯ ವಿಮೆ, ಪಾಸ್‌ಪೋರ್ಟ್: ಎರಡರ ಅವಧಿಯನ್ನೂ ಈಗಲೇ ನೋಡಿ ಬರೆದಿಡಿ. ಹಲವು ದೇಶಗಳು ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು ಎಂದು ಕೇಳುತ್ತವೆ.

ಇಲ್ಲೊಂದು ಎಚ್ಚರಿಕೆ. ನಿಜವಾದ ಗಡುವು ಇರುವ ಕೆಲಸಕ್ಕೆ ಮಾತ್ರ ದಿನಾಂಕ ಹಾಕಿ. ‘ಅಟ್ಟದ ಮೇಲಿನ ಡಬ್ಬ ತೆಗೆಯಬೇಕು’ ಎಂಬುದಕ್ಕೂ ಮಂಗಳವಾರ ಎಂದು ಹಾಕಿದರೆ, ವಾರ ಕಳೆಯುವಷ್ಟರಲ್ಲಿ ಎಲ್ಲವೂ ಕೆಂಪಾಗುತ್ತದೆ. ಆಗ ಡಬ್ಬಕ್ಕೂ ವಿಮೆಗೂ ವ್ಯತ್ಯಾಸ ಕಾಣುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಆಗಿದ್ದೇ ಅದು.

ಹಂತ 4: ‘ವಿಷಯ’ವನ್ನು ‘ಕೆಲಸ’ವಾಗಿಸಿ (40 ನಿಮಿಷ)

ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ವರ್ಷಗಟ್ಟಲೆ ಪಟ್ಟಿಯಲ್ಲಿ ಕೊಳೆಯುವ ಸಾಲುಗಳನ್ನು ಗಮನಿಸಿ. ಅವು ಕೆಲಸಗಳಾಗಿರುವುದಿಲ್ಲ, ಬರೀ ವಿಷಯಗಳಾಗಿರುತ್ತವೆ. ‘ಕಾರ್ ನೋಂದಣಿ’, ‘ಊರಿನ ಸೈಟ್’, ‘ಮಗಳ ಡ್ಯಾನ್ಸ್ ಕ್ಲಾಸ್’. ಇವನ್ನು ಓದಿದ ತಕ್ಷಣ ಕೈ ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಮುಂದೂಡುತ್ತೇವೆ.

ಕರ್ನಾಟಕದಿಂದ ಹೈದರಾಬಾದ್‌ಗೆ ಬಂದ ಎಷ್ಟೋ ಮನೆಗಳಲ್ಲಿ ಇರುವ ‘ಕೆಎ ಗಾಡಿ’ಯನ್ನೇ ತೆಗೆದುಕೊಳ್ಳೋಣ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 47ರ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರ್ ಪಡೆಯಬೇಕು. ತೆಲಂಗಾಣದಲ್ಲಿ ಅದು 2024ರ ಮಾರ್ಚ್‌ನಿಂದ ‘ಟಿಜಿ’ ಸರಣಿ. ಪಟ್ಟಿಯಲ್ಲಿ ಇದು ‘ಗಾಡಿ ಟಿಜಿ ಮಾಡಿಸಬೇಕು’ ಎಂಬ ಒಂದು ಸಾಲು. ನಿಜಕ್ಕೆ ಒಳಗೆ ಇರುವುದು ಇಷ್ಟು:

1. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನಿಂದ ಒಪ್ಪಿಗೆ ಪತ್ರ ಕೇಳುವುದು.
2. ಬಾಕಿ ಇರುವ ಟ್ರಾಫಿಕ್ ಚಲನ್‌ಗಳನ್ನು ನೋಡಿ ಕಟ್ಟುವುದು.
3. ಪರಿವಾಹನ್ ಪೋರ್ಟಲ್‌ನಲ್ಲಿ ಕರ್ನಾಟಕದ ಮೂಲ ಆರ್‌ಟಿಒಗೆ ಫಾರ್ಮ್ 28ರ ಮೂಲಕ ಎನ್‌ಒಸಿ ಅರ್ಜಿ ಹಾಕುವುದು.
4. ಎನ್‌ಒಸಿ ಸಿಕ್ಕ ಮೇಲೆ ಇಲ್ಲಿನ ಆರ್‌ಟಿಒದಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್‌ಗೆ ಅರ್ಜಿ ಸಲ್ಲಿಸುವುದು.
5. ಹೊಸ ಆರ್‌ಸಿ ಬಂದ ಮೇಲೆ, ಕರ್ನಾಟಕದಲ್ಲಿ ಕಟ್ಟಿದ್ದ ಲೈಫ್ ಟ್ಯಾಕ್ಸ್‌ನ ಉಳಿದ ಭಾಗದ ಮರುಪಾವತಿ ಕೇಳುವುದು.
6. ವಿಮೆ ಮತ್ತು ಫಾಸ್ಟ್ಯಾಗ್‌ನಲ್ಲಿ ಹೊಸ ನಂಬರ್ ಬದಲಾಯಿಸುವುದು.

ಇಷ್ಟನ್ನೂ ಇವತ್ತಿನ ಪಟ್ಟಿಗೆ ಹಾಕಬಾರದು. ಬರೆಯಬೇಕಾದದ್ದು ಒಂದೇ ಸಾಲು: ‘ಬ್ಯಾಂಕ್ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ಎನ್‌ಒಸಿ ಪತ್ರಕ್ಕೆ ಏನು ಬೇಕು ಕೇಳುವುದು.’ ಹತ್ತು ನಿಮಿಷದ ಕೆಲಸ. ಮೂರು ವರ್ಷ ಹೆದರಿಸಿದ್ದ ಸಾಲು ಈಗ ಒಂದು ಫೋನ್ ಕರೆ. ಉಳಿದ ಐದು ಹೆಜ್ಜೆಗಳು ಬೇರೆ ಹಾಳೆಯಲ್ಲಿ ಕಾಯಲಿ. ಒಂದು ಮುಗಿದ ಮೇಲೆ ಮುಂದಿನದು ಪಟ್ಟಿಗೆ ಬರಲಿ.

ಗುರುತಿಸುವ ಸುಲಭ ಉಪಾಯ ಹೀಗಿದೆ. ಸಾಲಿನ ಕೊನೆಗೆ ಕ್ರಿಯಾಪದ ಇದೆಯೇ ನೋಡಿ. ಕರೆ ಮಾಡುವುದು, ಕಟ್ಟುವುದು, ಕಳಿಸುವುದು, ಕೇಳುವುದು ಎಂದಿದ್ದರೆ ಅದು ಕೆಲಸ. ‘ಸೈಟ್’, ‘ಪಾಸ್‌ಪೋರ್ಟ್’ ಎಂದಷ್ಟೇ ಇದ್ದರೆ ಇನ್ನೂ ಯೋಚಿಸಬೇಕು ಎಂದರ್ಥ. ಎರಡು ನಿಮಿಷದಲ್ಲಿ ಮುಗಿಯುವಂಥದ್ದಾದರೆ ಬರೆಯಲೇಬೇಡಿ, ಆಗಲೇ ಮಾಡಿ ಮುಗಿಸಿ ಎಂಬುದು ಅಲೆನ್ ಅವರ ಇನ್ನೊಂದು ಪ್ರಸಿದ್ಧ ಸಲಹೆ. ಆದರೆ ಈ ಭಾನುವಾರದ ಎರಡು ಗಂಟೆಯಲ್ಲಿ ಅದನ್ನು ಹೆಚ್ಚು ಬಳಸಬೇಡಿ. ಸಣ್ಣ ಕೆಲಸಗಳನ್ನೇ ಮಾಡುತ್ತಾ ಹೋದರೆ ಪಟ್ಟಿ ಮುಗಿಯುವುದಿಲ್ಲ.

ಹಂತ 5: ಬಿಡಬೇಕಾದ್ದನ್ನು ಬಿಡಿ (20 ನಿಮಿಷ)

ಈಗ ‘ಹಳೇ ಬಾಕಿ’ ಫೋಲ್ಡರ್ ತೆರೆದು ಬೇಗ ಬೇಗ ಕಣ್ಣಾಡಿಸಿ. ಮುಖ್ಯವಾದವು ಹಂತ 2ರಲ್ಲೇ ನೆನಪಾಗಿರುತ್ತವೆ. ತಪ್ಪಿಹೋದ ಒಂದೆರಡು ಸಿಕ್ಕರೆ ಹೊಸ ಪಟ್ಟಿಗೆ ತನ್ನಿ. ಉಳಿದವನ್ನು ನಾಲ್ಕು ಭಾಗ ಮಾಡಿ: ಮುಗಿದುಹೋದವು, ಇನ್ನು ಬೇಡವಾದವು, ಬೇರೆಯವರು ಮಾಡಬಹುದಾದವು, ಮುಂದೆಂದಾದರೂ ಮಾಡಬೇಕೆನ್ನುವವು.

ಆನ್‌ಲೈನ್ ಫ್ರೆಂಚ್ ಕೋರ್ಸ್, ಕಟ್ಟದೆ ಉಳಿದ ಫೋಟೋ ಆಲ್ಬಂ, ಓದಬೇಕೆಂದು ಉಳಿಸಿದ 40 ಲಿಂಕ್‌ಗಳು ಕೊನೆಯ ಭಾಗಕ್ಕೆ ಹೋಗಲಿ. ಬೇರೆಯವರಿಗೆ ಮಾತು ಕೊಟ್ಟು ಮಾಡಲಾಗದೆ ಉಳಿದದ್ದಿದ್ದರೆ ಸುಮ್ಮನೆ ಅಳಿಸಬೇಡಿ. ‘ಈ ತಿಂಗಳು ನನ್ನಿಂದ ಆಗುವುದಿಲ್ಲ, ಕ್ಷಮಿಸಿ’ ಎಂದು ಒಂದು ಸಂದೇಶ ಕಳಿಸಿ. ನಾಲ್ಕು ತಿಂಗಳ ಮೌನಕ್ಕಿಂತ ಅದು ಮೇಲು.

ಸೋಮವಾರದಿಂದ ದಿನಕ್ಕೆ ಮೂರು

ವಾರದ ಮೊದಲ ದಿನ, ತಿಂಗಳ ಮೊದಲ ದಿನ, ಹೊಸ ವರ್ಷ, ಹುಟ್ಟುಹಬ್ಬದಂಥ ದಿನಗಳ ನಂತರ ಜನ ಹೊಸ ಗುರಿಗಳತ್ತ ಹೆಚ್ಚು ಮುಖ ಮಾಡುತ್ತಾರೆ ಎಂದು ಹೆಂಗ್‌ಚೆನ್ ಡೈ, ಕ್ಯಾಥರಿನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ 2014ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಯುಗಾದಿಯವರೆಗೆ ಕಾಯಬೇಕಿಲ್ಲ, ಸೋಮವಾರವೇ ಸಾಕು.

ಆದರೆ ಆ ಹುಮ್ಮಸ್ಸಿನಲ್ಲಿ ಹತ್ತು ಕೆಲಸ ಬರೆದುಕೊಂಡರೆ ಹಳೇ ಕಥೆಯೇ ಮರುಕಳಿಸುತ್ತದೆ. ಮೊದಲ ಎರಡು ವಾರ ದಿನಕ್ಕೆ ಮೂರೇ ಕೆಲಸ ಆರಿಸಿ. ಅವುಗಳಲ್ಲಿ ಒಂದು ಹಂತ 3ರ ಪಟ್ಟಿಯದ್ದಾಗಿರಲಿ. ಪ್ರತಿಯೊಂದಕ್ಕೂ ಜಾಗ ಮತ್ತು ಹೊತ್ತು ಕಟ್ಟಿ. ‘ನಾಳೆ ಬ್ಯಾಂಕ್‌ಗೆ ಕರೆ ಮಾಡುತ್ತೇನೆ’ ಎನ್ನುವುದಕ್ಕಿಂತ ‘ನಾಳೆ ಊಟ ಮುಗಿಸಿ ಕ್ಯಾಂಟೀನ್‌ನಿಂದ ಹೊರಬಂದ ಕೂಡಲೇ ಕರೆ ಮಾಡುತ್ತೇನೆ’ ಎನ್ನುವುದು ಹೆಚ್ಚು ಗಟ್ಟಿ. ಹೀಗೆ ಸಂದರ್ಭಕ್ಕೆ ಕಟ್ಟಿದ ಸಂಕಲ್ಪಗಳು ಈಡೇರುವ ಸಾಧ್ಯತೆ ಹೆಚ್ಚು ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ನಡೆಸಿದ ಸಂಶೋಧನೆಗಳು ತೋರಿಸಿವೆ.

ವಾರಕ್ಕೊಮ್ಮೆ ಅರ್ಧ ಗಂಟೆ

ಪಟ್ಟಿಯನ್ನು ಉಳಿಸುವುದು ಆ್ಯಪ್ ಅಲ್ಲ, ವಾರಕ್ಕೊಮ್ಮೆ ಅದನ್ನು ನೋಡುವ ಅರ್ಧ ಗಂಟೆ. ಶುಕ್ರವಾರ ಸಂಜೆಯೋ ಭಾನುವಾರ ಬೆಳಗಿನ ಕಾಫಿಯ ಹೊತ್ತೋ, ನಿಮಗೆ ಆಗುವ ಹೊತ್ತು ಇಟ್ಟುಕೊಳ್ಳಿ. ಮುಗಿದದ್ದನ್ನು ಅಳಿಸಿ. ಮುಂದಿನ ಎರಡು ವಾರದ ಕ್ಯಾಲೆಂಡರ್ ನೋಡಿ. ಪ್ರತಿ ದೊಡ್ಡ ಕೆಲಸದ ಮುಂದಿನ ಒಂದು ಹೆಜ್ಜೆ ಪಟ್ಟಿಯಲ್ಲಿದೆಯೇ ಪರೀಕ್ಷಿಸಿ. ಮೂರು ವಾರದಿಂದ ಕದಲದ ಸಾಲಿದ್ದರೆ ಅದನ್ನು ಇನ್ನೂ ಸಣ್ಣದು ಮಾಡಿ, ಇಲ್ಲವೇ ಬಿಟ್ಟುಬಿಡಿ.

ಇದು ಮನೆಯವರಿಬ್ಬರೂ ಕೂತು ಮಾಡಬೇಕಾದ ಕೆಲಸ ಎಂಬುದನ್ನು ಮರೆಯಬೇಡಿ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಪುರುಷರು 88 ನಿಮಿಷ. ಕೆಲಸ ಮಾಡುವುದು ಒಂದು ಕಡೆ, ‘ಏನೇನು ಮಾಡಬೇಕು’ ಎಂದು ನೆನಪಿಟ್ಟುಕೊಳ್ಳುವ ಹೊರೆ ಇನ್ನೊಂದು ಕಡೆ. ‘ರೀ, ಇನ್ಶೂರೆನ್ಸ್ ಕಟ್ಟೀರೇನು?’ ಎಂಬ ಪ್ರಶ್ನೆಯೂ ಆ ಹೊರೆಯ ಭಾಗವೇ. ಗೂಗಲ್ ಕೀಪ್‌ನಲ್ಲಾಗಲಿ, ಫ್ರಿಜ್ ಮೇಲಿನ ಹಾಳೆಯಲ್ಲಾಗಲಿ ಮನೆಗೆ ಒಂದು ಹಂಚಿಕೊಂಡ ಪಟ್ಟಿ ಇರಲಿ. ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರಿರಲಿ. ಹೆಸರಿದ್ದವರು ಯಾರೂ ನೆನಪಿಸದೆ ಅದನ್ನು ಮುಗಿಸಬೇಕು.

ಮತ್ತೆ ತಪ್ಪಿದರೆ?

ತಪ್ಪುತ್ತದೆ. ಊರ ಜಾತ್ರೆ, ಮಗುವಿನ ಜ್ವರ, ತಿಂಗಳ ಕೊನೆಯ ರಿಲೀಸ್ ಎಲ್ಲವೂ ಬರುತ್ತವೆ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಅಭ್ಯಾಸ ತನ್ನಷ್ಟಕ್ಕೆ ನಡೆಯುವಂತಾಗಲು ಹಿಡಿದದ್ದು ಸುಮಾರು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಇದು 18ರಿಂದ 254 ದಿನದವರೆಗೆ ಬದಲಾಗಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆಯಾಗಿರಲಿಲ್ಲ. ಆದ್ದರಿಂದ ಒಂದು ವಾರ ಪಟ್ಟಿ ತೆರೆಯದಿದ್ದರೆ ಪ್ರಾಯಶ್ಚಿತ್ತ ಬೇಡ. ಹಂತ 1ರಂತೆ ಬಾಕಿಯನ್ನು ಬದಿಗೆ ಸರಿಸಿ, ಹಂತ 3ರ ಗಡುವುಗಳನ್ನು ನೋಡಿ, ಮೂರು ಕೆಲಸ ಆರಿಸಿ. ಹದಿನೈದು ನಿಮಿಷದಲ್ಲಿ ಮತ್ತೆ ದಾರಿಗೆ ಬಂದಿರುತ್ತೀರಿ.

ಆದರೆ ಇನ್ನೊಂದು ಸಂಗತಿಯನ್ನು ಗಮನಿಸಿ. ಪಟ್ಟಿ ಸಣ್ಣದಾಗಿದ್ದರೂ ಯಾವುದಕ್ಕೂ ಕೈ ಏಳುತ್ತಿಲ್ಲ, ನಿದ್ದೆ ಕೆಟ್ಟಿದೆ, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲ, ಇದೆಲ್ಲ ವಾರಗಟ್ಟಲೆ ಮುಂದುವರಿದಿದೆ ಎಂದಾದರೆ ತೊಂದರೆ ಪಟ್ಟಿಯಲ್ಲಿಲ್ಲದಿರಬಹುದು. ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಮಾತನಾಡಬಹುದು.

ಉಳಿದವರು ಈ ಲೇಖನ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಗಾಡಿಯ ವಿಮೆ ಯಾವತ್ತು ಮುಗಿಯುತ್ತದೆ ಎಂದು ನೋಡಿ, ಅದಕ್ಕೆ ಹತ್ತು ದಿನ ಮುಂಚಿನ ತಾರೀಖಿಗೆ ಫೋನ್‌ನಲ್ಲಿ ಒಂದು ರಿಮೈಂಡರ್ ಇಡಿ. ಹೊಸ ಪಟ್ಟಿಯ ಮೊದಲ ಸಾಲು ಅದೇ ಆಗಲಿ.